ಎದೆ ನಲವತ್ತು, ಬುದ್ಧಿ ಒಂಬತ್ತು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಮೂರೇ ಮೂರು ಗುಂಡುಪಿನ್ನು.

ಟೇಲರ್ ಅಂಗಡಿಯಲ್ಲಿ ಬಟ್ಟೆ ಹೊಲಿದು ಮುಗಿಯುವ ತನಕ ಗಿರಾಕಿಯ ಅಳತೆ ಚೀಟಿ ಬಟ್ಟೆಯ ಒಳಮೈಗೆ ಚುಚ್ಚಿಕೊಂಡೇ ಇರಬೇಕು. ಇಲ್ಲದಿದ್ದರೆ ಒಬ್ಬರ ತೋಳು ಇನ್ನೊಬ್ಬರ ಭುಜಕ್ಕೆ ಹೋಗುತ್ತದೆ. ಬಟ್ಟೆ ಕೊಡುವ ಮೊದಲು ಪಿನ್ನು ಬಿಚ್ಚಿ ಚೀಟಿಯನ್ನು ತಗಡಿನ ಡಬ್ಬಿಗೆ ಹಾಕಬೇಕು. ನಮ್ಮ ಟೇಲರ್ ಇಪ್ಪತ್ತು ವರ್ಷದಿಂದ ಒಂದು ದಿನವೂ ಇದನ್ನು ಮರೆತವನಲ್ಲ. ಆ ಶನಿವಾರ ಮರೆತ. ಮರೆತು, ಮೂರು ಪೊಟ್ಟಣ ಕಟ್ಟಿ, "ಕೊಟ್ಟು ಬಂದುಬಿಡು" ಎಂದು ಹೆಂಡತಿಯ ಸ್ಕೂಟರಿನಲ್ಲಿಟ್ಟ.

ಬೇರೆ ಟೇಲರ್ ಆಗಿದ್ದರೆ ಇದರಿಂದ ಏನೂ ಆಗುತ್ತಿರಲಿಲ್ಲ. ಎದೆ, ಸೊಂಟ, ಭುಜ, ತೋಳು ಎಂದಿರುವ ಚೀಟಿ ನೋಡಿ ಯಾರು ತಾನೇ ಜಗಳಕ್ಕೆ ಬರುತ್ತಾರೆ? ಆದರೆ ಇವನ ಚೀಟಿಗಳಲ್ಲಿ ತೋಳಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಇನ್ನೆರಡು ಸಾಲು ಇರುತ್ತಿದ್ದವು. ಒಂದು ಬುದ್ಧಿ, ಇನ್ನೊಂದು ಮಾತು.

ಅದನ್ನು ಅವನು ಕೊಬ್ಬಿನಿಂದ ಬರೆದದ್ದಲ್ಲ ಪಾಪ. ಅವನಿಗೆ ಹದಿನೈದು ವರ್ಷವಾಗಿದ್ದಾಗ ಈ ಅಂಗಡಿ ಅಪ್ಪನದಾಗಿತ್ತು. ಶನಿವಾರ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಲು ಹೋದರೆ, ಎಂಟಡಿ ಉದ್ದದ ಕಟಿಂಗ್ ಮೇಜು ನಾಲ್ವರು ಗೆಳೆಯರ ಪಾಲಿಗೆ ರಾಜ್ಯವಾಗುತ್ತಿತ್ತು. ನೀಲಿ ಚಾಕ್‌ಪೀಸಿನಲ್ಲಿ ನದಿ, ಬಿಳಿ ಚಾಕ್‌ಪೀಸಿನಲ್ಲಿ ಕೋಟೆ. ಬಾಬಿನ್‌ಗಳು ಸೈನಿಕರು, ಸೂಜಿ ಚುಚ್ಚದಂತೆ ಅಪ್ಪ ಬೆರಳಿಗೆ ಹಾಕುವ ಅಂಗುಸ್ತಾನ ರಾಜ, ಇಸ್ತ್ರಿ ಪೆಟ್ಟಿಗೆ ದಾಟಲಾಗದ ಬೆಟ್ಟ. ಮೂವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, 'ನಾನೀಗ ಗೋಡೆ ಹತ್ತುತ್ತೇನೆ', 'ನಾನು ಸೇತುವೆಗೆ ಬೆಂಕಿ ಇಡುತ್ತೇನೆ' ಎಂದು ಹೇಳುತ್ತ ಹೋಗುವುದು. ನಾಲ್ಕನೆಯವನು ಆಟ ನಡೆಸುತ್ತ, ಮುಂದೇನಾಯಿತೆಂದು ಹೇಳುವುದು. ಆ ನಾಲ್ಕನೆಯವನೇ ನಮ್ಮ ಟೇಲರ್. ಆಟ ಅವನದೇ, ನಿಯಮವೂ ಅವನದೇ.

ಪಾತ್ರದ ಗುಣಗಳನ್ನು ಹಳೆಯ ಅಳತೆ ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದರು: ಬಲ, ಚುರುಕು, ಬುದ್ಧಿ, ಮಾತು. ಎಲ್ಲವೂ ಇಪ್ಪತ್ತಕ್ಕೆ ಇಷ್ಟು ಎಂದು. ಒಂದು ಬಟ್ಟೆ ಚೀಲದಲ್ಲಿ ಒಂದರಿಂದ ಇಪ್ಪತ್ತರ ತನಕ ನಂಬರು ಗೀಚಿದ ಕೋಟಿನ ಗುಂಡಿಗಳು. ಕಷ್ಟದ ಕೆಲಸ ಎದುರಾದರೆ ಚೀಲಕ್ಕೆ ಕೈ ಹಾಕಿ ನೋಡದೆ ಒಂದು ಗುಂಡಿ ತೆಗೆಯಬೇಕು. ಬಂದ ನಂಬರು ನಿನ್ನ ಗುಣದ ಅಂಕವನ್ನು ಮೀರದಿದ್ದರೆ ಗೆದ್ದೆ. ಬಲ ಹದಿನೈದು ಇದ್ದವನಿಗೆ ಹದಿನೈದರೊಳಗೆ ಯಾವ ಗುಂಡಿ ಬಂದರೂ ಬಾಗಿಲು ಮುರಿಯುತ್ತದೆ. ಹದಿನಾರು ಬಂದರೆ ಭುಜ ಮುರಿಯುತ್ತದೆ. ಒಂದನೇ ನಂಬರಿನ ಗುಂಡಿ ಬಂದರಂತೂ ಕೇಳುವುದೇ ಬೇಡ, ಎಂಥವನೂ ಗೆದ್ದ. ಸಂಜೆ ಅಪ್ಪ ಎದ್ದು ಬಂದು ಬ್ರಷ್ ಆಡಿಸಿ, ಒಂದೇ ಏಟಿಗೆ ನದಿ, ಕೋಟೆ ಎಲ್ಲ ಅಳಿಸಿ, ಆ ಜಾಗದಲ್ಲಿ ಯಾರದೋ ಪ್ಯಾಂಟಿನ ಗುರುತು ಹಾಕುತ್ತಿದ್ದ. ಅಂಥ ಸುಖ ಟೇಲರನ ಬದುಕಿನಲ್ಲಿ ಆಮೇಲೆ ಬರಲೇ ಇಲ್ಲ.

ಗೆಳೆಯರಲ್ಲಿ ಒಬ್ಬನ ಹೆಸರು ಗಪ್‌ಚಿಪ್. ತರಗತಿಯಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡದೆ ಕೈ ಎತ್ತುವ ಆಸಾಮಿ. ಅವನು ಆಟದಲ್ಲಿ ಆರಿಸಿಕೊಂಡದ್ದು ರಾಜದೂತನ ಪಾತ್ರ; ಮಾತು, ಹದಿನೆಂಟು. ಒಂದು ಶನಿವಾರ ಆ ದೂತ ಕೋಟೆಯ ಬಾಗಿಲಿಗೆ ಬಂದ. ಕಾವಲುಗಾರನನ್ನು ಒಪ್ಪಿಸಿ ಬಾಗಿಲು ತೆಗೆಸಬೇಕು. ಗಪ್‌ಚಿಪ್ ಗುಂಡಿ ತೆಗೆದ. ತೋರಿಸಲು ಮುಷ್ಟಿ ಬಿಚ್ಚುವಷ್ಟರಲ್ಲಿ ಟೇಲರನಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂತು. "ಗುಂಡಿಗಿಂಡಿ ಬೇಡ. ಮಾತು ಹದಿನೆಂಟಲ್ವಾ? ನಾನೇ ಕಾವಲುಗಾರ. ಮಾತಾಡಿ ಬಾಗಿಲು ತೆಗೆಸು, ನೋಡೋಣ!" ಎಂದುಬಿಟ್ಟ. ಗಪ್‌ಚಿಪ್‌ನ ಕಿವಿ ಕೆಂಪಾಯಿತು. ತುಟಿ ಎರಡು ಸಲ ಅಲುಗಿತು. ಇನ್ನಿಬ್ಬರು ಬಿದ್ದು ಬಿದ್ದು ನಕ್ಕರು. ಅವನು ಮುಷ್ಟಿ ಬಿಗಿಹಿಡಿದೇ ಎದ್ದು ಹೋದ. ಮತ್ತೆ ಬರಲಿಲ್ಲ. ಆ ಬೇಸಿಗೆಯಲ್ಲಿ ಅವನ ಮನೆಯವರು ಊರು ಬಿಟ್ಟರು. ಆಟವೂ ನಿಂತಿತು. ಚೀಲದ ಬಾಯಿ ಕಟ್ಟಿ ಟೇಲರ್ ಗೋಡೆಯ ಮೊಳೆಗೆ ನೇತುಹಾಕಿದ. ಇಪ್ಪತ್ತಾರು ವರ್ಷ ಅದರ ದಾರ ಬಿಚ್ಚಲಿಲ್ಲ.

ಆದರೆ ನಿಯಮವನ್ನು ಬಿಡಲಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಆಟದ ನಿಯಮಗಳ ನೋಟುಬುಕ್ಕು ತೆಗೆದು, ಮಾತಿನ ನಿಯಮದ ಆ ಒಂದು ಪುಟವನ್ನೇ ಬರೆದು, ಹೊಡೆದು, ಮತ್ತೆ ಬರೆಯುತ್ತಿದ್ದ. ಬಲ ಹದಿನೆಂಟು ಇದ್ದವನಿಗೆ ಮೇಜು ಎತ್ತಿ ತೋರಿಸು ಎಂದು ಯಾರೂ ಹೇಳುವುದಿಲ್ಲ. ಹಾಗಾದರೆ ಮಾತು ಹದಿನೆಂಟು ಇದ್ದವನಿಗೆ ಮಾತಾಡಿ ತೋರಿಸು ಅನ್ನುವುದು ಯಾವ ನ್ಯಾಯ? ಸರಿ, ಬುದ್ಧಿ ಮತ್ತು ಮಾತಿಗೂ ಅಂಕವೇ ಇರಲಿ ಎಂದರೆ, ಅದನ್ನು ಅಳೆಯುವುದು ಹೇಗೆ? ಎದೆಗೆ ಟೇಪು ಹಿಡಿಯಬಹುದು, ಬುದ್ಧಿಗೆ ಎಲ್ಲಿಂದ ಎಲ್ಲಿಗೆ ಹಿಡಿಯುವುದು? ಹಾಗಾಗಿ ಅಭ್ಯಾಸಕ್ಕೆಂದು ಗಿರಾಕಿಗಳಿಗೇ ಅಂಕ ಹಾಕತೊಡಗಿದ. ಅಳತೆಗೆ ನಿಂತ ನಾಲ್ಕು ನಿಮಿಷದಲ್ಲಿ ಮನುಷ್ಯನ ಬಂಡವಾಳವೆಲ್ಲ ಹೊರಬೀಳುತ್ತದೆ ಎಂಬುದು ಅವನ ನಂಬಿಕೆ.

ಆ ವಾರ ಒಂದು ಕಾರ್ಡು ಬಂದಿತ್ತು. 'ಶನಿವಾರ ಆರಕ್ಕೆ ಬರ್ತೀನಿ. ಕೋಟು ಹೊಲಿಸಬೇಕು. ಗಪ್‌ಚಿಪ್.' ಅಷ್ಟೇ. ಅಂದಿನಿಂದ ಟೇಲರನಿಗೆ ನಿದ್ದೆಯಿಲ್ಲ. ಅವನಿಗೆ ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಅದನ್ನು ಗಂಟಲಿನಿಂದ ಹೊರಗೆ ತರುವುದೇ ಅವನ ತಾಪತ್ರಯ, ಏಕೆಂದರೆ ವಯಸ್ಸಾಗುತ್ತ ಅವನೂ ಮಾತು ಕಮ್ಮಿಯವನಾಗಿದ್ದ. ಬೆಳಗಿನಿಂದ ಅಂಗಡಿಯ ಬೊಂಬೆಯ ಎದುರು ನಿಂತು ಅಭ್ಯಾಸ ಮಾಡುತ್ತಿದ್ದ. ಮೂರು ಗಂಟೆಯ ಹೊತ್ತಿಗೆ ಕೊನೆಗೂ ಬಾಯಿಗೆ ಬಂತು.

"ಅವತ್ತು ನಾನು ಮಾಡಿದ್ದು ತಪ್ಪು ಕಣೋ!"

"ಕಣೋ ಅಂತೀರಾ?" ಎಂದಿತು ಹಿಂದಿನಿಂದ ಒಂದು ಧ್ವನಿ. "ತಪ್ಪು ಒಪ್ಕೊಳ್ಳೋ ರೀತೀನಾ ಇದು?"

ಬಾಗಿಲಲ್ಲಿ ಹೈಸ್ಕೂಲಿನ ಹೆಡ್ಮಾಸ್ಟರು. ಮೈಮೇಲೆ ಹೊಸ ಕೋಟು, ಕೈಯಲ್ಲಿ ಚೀಟಿ. ಪಿನ್ನು ಬಿಚ್ಚಲು ಮರೆತದ್ದು ಟೇಲರನಿಗೆ ಆಗಷ್ಟೇ ಹೊಳೆಯಿತು.

"ಎದೆ ನಲವತ್ತು, ಸೊಂಟ ನಲವತ್ತೆರಡು, ಅದು ಇರ್ಲಿ. ಬುದ್ಧಿ ಒಂಬತ್ತು! ಏನ್ರೀ ಇದು?"

"ಅದು... ಅದು ಟೇಲರಿಂಗ್ ಲೆಕ್ಕ ಸಾರ್. ಕಾಲರ್ ಒಳಗಿನ ಕ್ಯಾನ್ವಾಸಿಗೆ ನಾವು ಬುದ್ಧಿ ಅಂತೀವಿ."

"ಮಾತು ಅಂದ್ರೆ?"

"ಜೇಬು ಸಾರ್."

ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಸುಳ್ಳು ಹೇಳುವವರನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವರು ಅವರು. "ಹಾಗಾದ್ರೆ ಔಷಧಿ ಅಂಗಡಿಯವನ ಕ್ಯಾನ್ವಾಸು ಹನ್ನೊಂದು ಯಾಕೆ? ಅವನ ಕುತ್ತಿಗೆ ನನಗಿಂತ ಸಣ್ಣದು. ದಾರೀಲಿ ಸಿಕ್ಕಿದ್ದ, ಚೀಟಿ ತೋರಿಸಿ ಹಲ್ಲು ಕಿರಿದ."

ಇನ್ನು ಮುಚ್ಚಿಡುವಂತಿರಲಿಲ್ಲ. ಟೇಲರ್ ಆಟದ ವಿಷಯ ಹೇಳಿದ, ನೋಟುಬುಕ್ಕು ತೋರಿಸಿದ. ಹೆಡ್ಮಾಸ್ಟರು ನಿಂತಲ್ಲೇ ಅರ್ಧ ಪುಸ್ತಕ ಓದಿ ಮುಗಿಸಿದರು.

"ಅಂದ್ರೆ ಆಟದಲ್ಲಿ ಒಂದು ಒಗಟು ಬಂತು ಅಂತಿಟ್ಕೊಳ್ಳಿ. ನನಗೆ ಉತ್ತರ ಗೊತ್ತಿದೆ. ಆದ್ರೂ ನನ್ನ ಪಾತ್ರದ ಬುದ್ಧಿ ಒಂಬತ್ತು ಅಂತ ಬಾಯಿ ಮುಚ್ಕೊಂಡು ಕೂತಿರ್ಬೇಕಾ?"

"ಹೌದು ಸಾರ್. ಗುಂಡಿ ಹೇಳ್ಬೇಕು."

"ಇಷ್ಟು ವರ್ಷ ಪಾಠ ಮಾಡಿದವನು ಗುಂಡಿ ಕೇಳಿ ಉತ್ತರ ಹೇಳ್ಬೇಕಾ! ಅದೆಲ್ಲ ಆಗೋದಿಲ್ಲ. ಹನ್ನೆರಡು ಮಾಡಿ. ಮಾಡೋ ತನಕ ನಾನಿಲ್ಲಿಂದ ಕದಲೋನಲ್ಲ."

ತಿದ್ದುವುದೇನು ಕಷ್ಟ, ಪೆನ್ಸಿಲಿನ ಬರಹ. ಆದರೆ ಪುಸ್ತಕದಲ್ಲಿ ಇನ್ನೊಂದು ನಿಯಮವಿತ್ತು. ಊರಿನ ಒಟ್ಟು ಅಂಕ ಹೆಚ್ಚಿಸುವಂತಿಲ್ಲ; ಇಲ್ಲದಿದ್ದರೆ ಎಲ್ಲರೂ ಇಪ್ಪತ್ತೇ ಆಗಿ ಆಟವೇ ಸಾಯುತ್ತದೆ. ಥಾನಿನಲ್ಲಿ ಬಟ್ಟೆ ಇರುವುದು ಇಷ್ಟೇ, ಒಬ್ಬರಿಗೆ ಉದ್ದ ಕೊಟ್ಟರೆ ಇನ್ನೊಬ್ಬರಿಗೆ ಗಿಡ್ಡ. ಸಂಜೆ ಗಪ್‌ಚಿಪ್ ಓದಬೇಕಾದ ಪುಸ್ತಕದಲ್ಲಿ ಟೇಲರ್ ತಾನೇ ನಿಯಮ ಮುರಿಯುವುದು ಹೇಗೆ? ಯೋಚಿಸಿದ. ತನ್ನ ಸ್ವಂತ ಚೀಟಿ ತೆಗೆದ. ಮಾತು, ಒಂಬತ್ತು. ಹೇಗೂ ಬಳಸದೆ ಬಿದ್ದಿದೆ ಎಂದುಕೊಂಡು ಅದನ್ನು ಆರು ಮಾಡಿ, ಹೆಡ್ಮಾಸ್ಟರ ಬುದ್ಧಿಯನ್ನು ಹನ್ನೆರಡಕ್ಕೇರಿಸಿದ. ಅವರು ಖುಷಿಯಾಗಿ, ನೇರ ಔಷಧಿ ಅಂಗಡಿಯ ದಿಕ್ಕಿಗೆ ನಡೆದರು.

ಹತ್ತು ನಿಮಿಷಕ್ಕೆ ಔಷಧಿ ಅಂಗಡಿಯವನು ಓಡೋಡಿ ಬಂದ. ಅಂಗಡಿಯ ಬಿಳಿ ಕೋಟನ್ನೂ ಬಿಚ್ಚಿರಲಿಲ್ಲ.

"ಅವರಿಗೆ ಹನ್ನೆರಡಂತೆ! ಡಾಕ್ಟರ ಕೈಬರಹ ಓದೋನು ನಾನು, ಅವರು ಓದ್ಲಿ ನೋಡೋಣ. ಹದಿಮೂರು ಹಾಕಿ."

ಟೇಲರ್ ವಾದಿಸಲು ಬಾಯಿ ತೆರೆದ. ಆಗಲೇ ಮಾತು ಆರಕ್ಕಿಳಿದಿತ್ತೋ ಏನೋ, ಸ್ವರ ಹೊರಡಲಿಲ್ಲ. ಸುಮ್ಮನೆ ಹದಿಮೂರು ಬರೆದ. ತನ್ನದು ನಾಲ್ಕಾಯಿತು.

ಮೂರನೆಯ ಪೊಟ್ಟಣ ಹೋಗಿದ್ದದ್ದು ಡ್ರೈವಿಂಗ್ ಸ್ಕೂಲಿನ ಮೇಡಂಗೆ. ಅವರು ಬಂದದ್ದು ಕಾರಿನಲ್ಲೇ, ಕಲಿಯುವವರ ಕೈಗೆ ಸ್ಟೇರಿಂಗ್ ಕೊಟ್ಟು. ಅಂಗಡಿಯ ಮೆಟ್ಟಿಲಿಗೆ ಬಂಪರ್ ಮುಟ್ಟಿಸಿಯೇ ಕಾರು ನಿಂತಿತು.

"ಮಾತು ಹದಿನೆಂಟು ಅಂದ್ರೇನ್ರೀ ಅರ್ಥ? ನಾನು ವಾಚಾಳಿ ಅಂತಾನಾ?"

ಟೇಲರನ ಜೀವ ಹಿಗ್ಗಿತು. ಇಳಿಸಿದ ಅಂಕ ಯಾರಿಗಾದರೂ ಸೇರಲೇಬೇಕಲ್ಲ! "ಇಳಿಸ್ತೀನಿ ಮೇಡಂ, ಈಗಲೇ ಇಳಿಸ್ತೀನಿ. ಹದಿಮೂರು ಮಾಡ್ಲಾ?"

"ತಡೀರಿ. ಈ ಬೀದೀಲಿ ಹದಿನೆಂಟು ಇನ್ಯಾರಿಗಿದೆ?"

"ಯಾರಿಗೂ ಇಲ್ಲ."

"ಹೆಡ್ಮಾಸ್ಟರಿಗೆ?"

"ಎಂಟು."

ಮೇಡಂ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. "ಇರ್ಲಿ ಬಿಡಿ, ಬರೆದಿದ್ದು ಬರೆದಾಯ್ತು. ಈ ಆಟ ಯಾವಾಗ ಆಡೋದು?" ಎಂದು ಅಲ್ಲೇ ಬೆಂಚಿನ ಮೇಲೆ ಕೂತರು.

ಐದೂವರೆಗೆ ಹೆಡ್ಮಾಸ್ಟರೂ ಔಷಧಿ ಅಂಗಡಿಯವನೂ ಒಟ್ಟಿಗೇ ಒಳಗೆ ನುಗ್ಗಿದರು. ಒಬ್ಬರದು ಹನ್ನೆರಡು ಒಬ್ಬರದು ಹದಿಮೂರು ಎಂದು ಬೀದಿಗೇ ಗೊತ್ತಾಗಿತ್ತು. "ನನಗೆ ಹದಿನಾಲ್ಕು!" "ಹಾಗಾದ್ರೆ ನನಗೆ ಹದಿನೈದು!" ಟೇಲರನ ಹೆಂಡತಿ ಚಹಾ ತಂದು ಇಬ್ಬರ ನಡುವೆ ನಿಂತಳು. "ರೀ, ಆರು ಗಂಟೆಗೆ ನಿಮ್ಮ ಸ್ನೇಹಿತ್ರು ಬರ್ತಾರೆ. ಇವರನ್ನ ಕಳಿಸಿ" ಎಂದು ಕಣ್ಣು ಬಿಟ್ಟಳು. ಕಳಿಸುವುದಕ್ಕೂ ಮಾತು ಬೇಕಲ್ಲ.

ಅಷ್ಟರಲ್ಲಿ ದಪ್ಪ ಮೀಸೆಯ, ಭಾರೀ ಹೊಟ್ಟೆಯ ಗಿರಾಕಿಯೊಬ್ಬ ಬಾಗಿಲು ತುಂಬಿ ಒಳಬಂದ.

"ಏನ್ ಸ್ವಾಮಿ ಇದು, ಸವಾಲು ಕೂಗೋ ರೀತೀನಾ? ಇಬ್ರೂ ಒಟ್ಟಿಗೆ ಕಿರುಚಿದ್ರೆ ಮಾಲು ಯಾರಿಗೆ ಅಂತ ಹೇಳೋದು?" ಅವನ ಧ್ವನಿಗೆ ಗಾಜಿನ ಬೀರು ನಡುಗಿತು. ಮೇಡಂ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಅವನು ಗಜಕಡ್ಡಿ ಎತ್ತಿಕೊಂಡು ಮೇಜಿಗೆ ಫಟಾರನೆ ಬಡಿದ. "ಸರಿ! ಟೇಲರ್ರ ಹತ್ರ ಉಳಿದಿರೋ ಮಾತು ನಾಲ್ಕು. ಯಾವ ಗುಣವೂ ಒಂದಕ್ಕಿಂತ ಕೆಳಗೆ ಹೋಗೋ ಹಾಗಿಲ್ಲ ಅನ್ನೋದು ಈ ಆಟದ ಹಳೇ ನಿಯಮ. ಅಲ್ಲಿಗೆ ಹರಾಜಿಗಿರೋದು ಮೂರು. ಹೆಡ್ಮಾಸ್ಟರು ಹದಿನಾಲ್ಕು ಅಂತಾರೆ! ಹದಿನಾಲ್ಕು ಒಂದು ಸಲ, ಹದಿನಾಲ್ಕು ಎರಡು ಸಲ... ಕೊಟ್ಟಾಯ್ತು! ಉಳಿದಿದ್ದು ಒಂದು. ಔಷಧಿ ಸ್ವಾಮಿಗಳೇ, ನಿಮಗೂ ಹದಿನಾಲ್ಕು. ಸಮ ಸಮ! ಕೈ ಕುಲುಕಿ!"

ಇಬ್ಬರೂ ಕಕ್ಕಾಬಿಕ್ಕಿಯಾಗಿ ಕೈ ಕುಲುಕಿದರು. ಒಂದೂವರೆ ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಟೇಲರ್ ತನ್ನ ಚೀಟಿ ನೋಡಿಕೊಂಡ. ಮಾತು, ಒಂದು.

"ಬಹಳ ಉಪಕಾರ ಆಯ್ತು" ಎಂದಳು ಹೆಂಡತಿ. "ತಮ್ಮ ಕೆಲಸ?"

"ಹರಾಜು ಕೂಗೋದು ತಾಯಿ. ಹಳೇ ಪೀಠೋಪಕರಣ, ಮನೆ ಸಾಮಾನು." ಅವನು ಟೇಲರನ ಕಡೆ ತಿರುಗಿ, ಕಟಿಂಗ್ ಮೇಜಿನ ಅಂಚನ್ನು ಕೈಯಿಂದ ಸವರಿದ. ಧ್ವನಿ ಇಳಿಯಿತು. "ಈ ಮೂಲೇಲಿ ನದಿ ತಿರುವು ತಗೊಳ್ತಿತ್ತು ಅಲ್ವೇನೋ? ಇಸ್ತ್ರಿ ಪೆಟ್ಟಿಗೆ ಬೆಟ್ಟ ಎಲ್ಲಿ?"

ಟೇಲರನ ಕೈಯಿಂದ ಪೆನ್ಸಿಲು ಬಿತ್ತು. ಗಪ್‌ಚಿಪ್!

"ಅವತ್ತು ಮನೆಗೆ ಹೋಗೋ ದಾರೀಲೇ ಶುರುಮಾಡ್ದೆ ಕಣೋ" ಎಂದ ಗಪ್‌ಚಿಪ್, ಬೆಂಚಿನಲ್ಲಿ ಮೇಡಂ ಪಕ್ಕ ಕೂರುತ್ತ. "ಆ ಕಾವಲುಗಾರನಿಗೆ ಏನು ಹೇಳ್ಬೇಕಿತ್ತು ಅಂತ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ವರ್ಷಗಟ್ಟಲೆ ಹೇಳ್ಕೊಂಡೆ. ಕೊನೆಗೆ ಬಾಯಿ ನಿಲ್ಲಿಸೋದೇ ಕಷ್ಟ ಆಯ್ತು."

ಟೇಲರ್ ನೋಟುಬುಕ್ಕಿನ ಆ ಪುಟ ತೆರೆದು ಅವನ ಕೈಗಿತ್ತ. ಗಪ್‌ಚಿಪ್ ಓದಿದ: 'ಮಾತು ಇರುವ ಪಾತ್ರದವನಿಗೆ ನೀನೇ ಮಾತಾಡು ಎನ್ನಕೂಡದು. ಗುಂಡಿ ಬಂದಂತೆ ಆಗಲಿ.' ಪುಟದ ತುಂಬ ಅಳಿಸಿ ಬರೆದ ಗುರುತು. ಅವನು ಆ ಗುರುತುಗಳ ಮೇಲೆ ಬೆರಳಾಡಿಸಿದ.

"ಇಷ್ಟು ವರ್ಷ ಇದನ್ನಾ ಬರೀತಿದ್ದೆ?"

ಟೇಲರ್ ತಲೆಯಾಡಿಸಿದ.

"ನನಗೇನೋ ಹೇಳ್ಬೇಕು ಅಂತಿದೀಯ."

ಮತ್ತೆ ತಲೆಯಾಡಿಸಿದ. ಉಸಿರು ಎಳೆದುಕೊಂಡ. "ಅ... ಅವತ್ತು..."

"ತಡೀರಿ ತಡೀರಿ!" ಎಂದರು ಹೆಡ್ಮಾಸ್ಟರು. "ನಿಮ್ಮ ಮಾತು ಒಂದು. ನೀವೇ ಬರೆದ ನಿಯಮ. ನನಗೆ ಒಗಟು ಬಿಡಿಸೋಕೆ ಬಿಡ್ಲಿಲ್ಲ, ಈಗ ನೀವು ಮಾತ್ರ ಬಾಯಲ್ಲಿ ಹೇಳ್ತೀರಾ? ಗುಂಡಿ ಹೇಳ್ಬೇಕು."

"ನ್ಯಾಯ ಅಂದ್ರೆ ನ್ಯಾಯ" ಎಂದ ಔಷಧಿ ಅಂಗಡಿಯವನು.

"ಮೇಡಂ, ನಿಮ್ಮ ಹತ್ರ ಹದಿನೆಂಟಿದೆ. ಒಂದೆರಡು ಇವರಿಗೆ ಕೊಡಿ" ಎಂದು ಹೆಂಡತಿ ಅಂಗಲಾಚಿದಳು.

"ಸೋಮವಾರ ಹೊಸ ಬ್ಯಾಚು ಶುರು ಅಮ್ಮ, ಹದಿನೆಂಟೂ ಬೇಕಾಗುತ್ತೆ" ಎಂದು ಮೇಡಂ ಪರ್ಸನ್ನು ಮಡಿಲಿಗೆಳೆದುಕೊಂಡರು.

ಗಪ್‌ಚಿಪ್ ಎದ್ದು ಮೊಳೆಯಿಂದ ಚೀಲ ಇಳಿಸಿ, ದಾರ ಬಿಚ್ಚಿ ಮುಂದೆ ಹಿಡಿದ. "ಒಂದನೇ ನಂಬರು ಬಂದ್ರೆ ಕ್ಷಮಿಸಿದೆ ಅಂತ ಲೆಕ್ಕ. ತೆಗಿ."

ಟೇಲರ್ ಕಣ್ಣು ಮುಚ್ಚಿ ತೆಗೆದ. ಹದಿನಾಲ್ಕು. "ಪಾಪ, ಇನ್ನೊಂದು ತೆಗೀಲಿ" ಎಂದರು ಮೇಡಂ. ಏಳು. ಇನ್ನೊಂದು. ಮೂರು! ಎಲ್ಲರೂ ಅಯ್ಯೋ ಎಂದರು. ಇನ್ನೊಂದು, ಮತ್ತೊಂದು ಎನ್ನುತ್ತ ಮೇಜಿನ ಮೇಲೆ ಗುಂಡಿಗಳ ಸಾಲು ಬೆಳೆಯಿತು. ಕೊನೆಗೆ ಚೀಲ ಬರಿದಾಯಿತು. ಹೆಡ್ಮಾಸ್ಟರು ಬೆರಳಿಟ್ಟು ಎಣಿಸಿದರು. "ಹತ್ತೊಂಬತ್ತೇ ಇವೆಯಲ್ರೀ! ಒಂದು ಇಲ್ಲ!"

ಗಪ್‌ಚಿಪ್ ಒಳಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಬಿಚ್ಚಿದ. ಕಂದು ಬಣ್ಣದ ಕೋಟಿನ ಗುಂಡಿ. ಸವೆದು ನುಣ್ಣಗಾಗಿದ್ದರೂ ಗೀಚಿದ ಒಂದು ಕಾಣುತ್ತಿತ್ತು.

"ಅವತ್ತು ನನ್ನ ಕೈಗೆ ಬಂದಿದ್ದು ಇದು ಕಣೋ. ನೀನು ನೋಡ್ಲೇ ಇಲ್ಲ."

ಟೇಲರನಿಗೆ ದುಃಖ ಒತ್ತರಿಸಿ ಬಂತು. ಆ ದೂತ ಗೆದ್ದಿದ್ದ. ಮುಷ್ಟಿಯೊಳಗೆ ಗೆಲುವು ಹಿಡಿದು ಸೋತವನಂತೆ ಎದ್ದು ಹೋಗಿದ್ದ. ಈಗಲಾದರೂ ಹೇಳಬೇಕೆಂದು ಬಾಯಿ ತೆರೆದರೆ ಹೆಡ್ಮಾಸ್ಟರು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಗಪ್‌ಚಿಪ್ ಎಲ್ಲ ಗುಂಡಿಗಳನ್ನೂ ಚೀಲಕ್ಕೆ ತುಂಬಿದ. ಕೊನೆಗೆ ಒಂದನೇ ನಂಬರನ್ನು ಎಲ್ಲರಿಗೂ ತೋರಿಸಿ, ಮುಷ್ಟಿಯನ್ನು ಚೀಲದೊಳಗೆ ಇಳಿಸಿ, ಚೆನ್ನಾಗಿ ಕಲಕಿದ. "ಈಗ ಪೂರ್ತಿ ಇಪ್ಪತ್ತು. ಒಂದೇ ಸಲ."

ಟೇಲರ್ ಕೈ ಹಾಕಿದ. ಒಂದೊಂದನ್ನೂ ಸವರಿ, ಅತ್ಯಂತ ನುಣ್ಣಗಿದ್ದದ್ದನ್ನು ಹಿಡಿದು ಹೊರತೆಗೆದ.

ಇಪ್ಪತ್ತು.

"ಆಗ್ಲಿಲ್ಲ" ಎಂದ ಗಪ್‌ಚಿಪ್, ಹರಾಜಿನವನ ಗಾಂಭೀರ್ಯದಲ್ಲಿ. "ಮುಂದಿನ ಶನಿವಾರ ಮತ್ತೆ ನೋಡೋಣ. ಕೋಟಿನ ಅಳತೆನೂ ಆಗಲೇ ತಗೊಳ್ಳುವಿಯಂತೆ." ಹೆಂಡತಿಗೆ ಕೈಮುಗಿದು, ಹೊಟ್ಟೆ ಮುಂದೆ ಮಾಡಿಕೊಂಡು ಹೊರಟೇಬಿಟ್ಟ. ಮುಂದಿನ ಶನಿವಾರ ಎಷ್ಟು ಗಂಟೆಗೆ ಬರಬೇಕೆಂದು ಕೇಳಿಕೊಂಡು ಹೆಡ್ಮಾಸ್ಟರು, ಔಷಧಿ ಅಂಗಡಿಯವನು, ಮೇಡಂ ಎಲ್ಲ ಎದ್ದರು.

ಅಂಗಡಿ ಖಾಲಿಯಾಯಿತು. ಟೇಲರ್ ಚೀಲವನ್ನು ಮೊಳೆಗೆ ಹಾಕಲು ಎತ್ತಿದವನು ಯಾಕೋ ಅನುಮಾನ ಬಂದು ಮೇಜಿನ ಮೇಲೆ ಸುರಿದ. ಸಾಲಾಗಿ ಜೋಡಿಸಿದ. ಎರಡು, ಮೂರು, ನಾಲ್ಕು... ಒಂದನೇ ನಂಬರು ಇರಲಿಲ್ಲ.

ಬಾಗಿಲಿಗೆ ಓಡಿದ. ಬೀದಿಯ ತಿರುವಿನಲ್ಲಿ ಗಪ್‌ಚಿಪ್ ಹೋಗುತ್ತಿದ್ದ, ಎಡಗೈ ಬೀಸುತ್ತ. ಬಲಗೈ ಮಾತ್ರ ಬೀಸುತ್ತಿರಲಿಲ್ಲ; ಅದು ಇಪ್ಪತ್ತಾರು ವರ್ಷದ ಹಿಂದಿನ ಹಾಗೆಯೇ ಬಿಗಿಯಾಗಿ ಮುಷ್ಟಿ ಹಿಡಿದಿತ್ತು. ಟೇಲರನಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಒಳಗೆ ಬಂದು ಕೂತು, ನೀಲಿ ಚಾಕ್‌ಪೀಸು ತೆಗೆದು ಮೇಜಿನ ಮೂಲೆಯಲ್ಲಿ ನದಿಯ ತಿರುವನ್ನು ಎಳೆದ.

"ರೀ, ಗುಂಡಿ ಸರಿಯಾಗಿ ಇದಾವಾ?" ಎಂದು ಹೆಂಡತಿ ಚಹಾ ಲೋಟ ಎತ್ತುತ್ತ ಕೇಳಿದಳು.

"ಇಪ್ಪತ್ತೂ ಸರಿಯಾಗಿದಾವೆ ಕಣೆ" ಎಂದ ಟೇಲರ್, ಒಂದಿಷ್ಟೂ ತಡವರಿಸದೆ.